ಹದಿನೆಂಟನೇ ಶತಮಾನಕ್ಕೆ ಒಬ್ಬ ವಿದ್ಯಾರ್ಥಿ

"ನಿಮ್ಮ ಕ್ಲಾಸಿಗೆ ಒಬ್ಬನಾದರೂ ಬೇಕಲ್ಲ ಮೇಷ್ಟ್ರೇ," ಎಂದರು ವಿಭಾಗದ ಮುಖ್ಯಸ್ಥರು, ಪಟ್ಟಿಯಿಂದ ಕಣ್ಣೆತ್ತದೆ. "ಸಂಜೆ ಐದರೊಳಗೆ ಒಬ್ಬ ಸೇರಿದ್ರೆ ಸರಿ. ಇಲ್ಲಾಂದ್ರೆ ಪಾಠ ಹದಿನೇಳನೇ ಶತಮಾನದಿಂದ ನೇರ ಹತ್ತೊಂಬತ್ತಕ್ಕೆ."

"ನಡುವಿನ ನೂರು ವರ್ಷ?"

"ಯಾರೂ ಕೇಳಲ್ಲ ಬಿಡಿ."

ಇಪ್ಪತ್ತಾರು ವರ್ಷ ಹದಿನೆಂಟನೇ ಶತಮಾನದ ಸಾಹಿತ್ಯವನ್ನೇ ಉಂಡು, ಹೊದ್ದು ಮಲಗಿದವನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಆಕಳಿಕೆ. ದಿಗಿಲಾದದ್ದು ಹೊರಗೆ ಬಂದ ಮೇಲೆ. ಆ ಶತಮಾನವೂ ಹೋದರೆ ತನ್ನದು ಅಂತ ಇರುವುದಾದರೂ ಏನು?

ಮೆಟ್ಟಿಲ ಬಳಿ ಒಬ್ಬ ಹುಡುಗಿಯನ್ನು ನಿಲ್ಲಿಸಿದ. "ವಿಡಂಬನೆ ಓದ್ತೀಯೇನಮ್ಮ? ನಗು ಬರುತ್ತೆ."

"ನಿಮ್ಮ ಕ್ಲಾಸಿಗಾ ಸಾರ್? ಎರಡು ಸಲ ಹೆಸರು ಕೂಗಿದಾಗ ಓಗೊಡದಿದ್ರೆ ಆಚೆ ನಿಲ್ಲಿಸ್ತೀರಂತೆ."

"ಅದು ಶಿಸ್ತು."

"ಬೇಡ ಸಾರ್," ಎಂದು ಅವಳು ಎರಡೆರಡು ಮೆಟ್ಟಿಲು ಹಾರಿ ಇಳಿದಳು.

ಮಾನ ಬಿಟ್ಟು ಹೆಂಡತಿಗೆ ಫೋನ್ ಮಾಡಿದ. "ನೀನೇ ಸೇರ್ಕೊಂಡುಬಿಡೇ. ಒಂದು ಸಹಿ ಸಾಕು."

"ಹಾಕೋಣ. ನಾನು ಹುಟ್ಟಿದ ದಿನ ಯಾವುದು, ಹೇಳಿ ನೋಡೋಣ?"

ಆ ಶತಮಾನದ ನಲವತ್ತು ಕವಿಗಳ ಹುಟ್ಟು ಸಾವು ಅವನ ನಾಲಗೆ ತುದಿಯಲ್ಲಿತ್ತು. ಇವಳದ್ದಕ್ಕೆ ಬೆರಳು ಮಡಿಚಿ ತಿಂಗಳು ಎಣಿಸತೊಡಗಿದ.

"ಬರ್ತಾ ಹಾಲು ತನ್ನಿ," ಎಂದು ಅವಳು ಫೋನ್ ಇಟ್ಟುಬಿಟ್ಟಳು. ಅವಳ ದನಿಯಲ್ಲಿ ಕೋಪ ಕೂಡ ಇರಲಿಲ್ಲ. ಅದು ಚುಚ್ಚಿತು.

ಐದಕ್ಕೆ ಹತ್ತು ನಿಮಿಷ ಇರುವಾಗ ಕಾಲೇಜು ಕಚೇರಿಗೆ ಹೋಗಿ, ಸೇರ್ಪಡೆ ಅರ್ಜಿಯಲ್ಲಿ ತನ್ನ ಹೆಸರನ್ನೇ ಬರೆದುಕೊಟ್ಟ.

"ಮೇಷ್ಟ್ರೂ ನೀವೇ, ವಿದ್ಯಾರ್ಥಿನೂ ನೀವೇ?" ಎಂದ ಗುಮಾಸ್ತ.

"ಕೂಡದು ಅಂತ ಬರೆದಿದ್ಯಾ?"

ಗುಮಾಸ್ತ ನಿಯಮಾವಳಿಯನ್ನು ಹಿಂದೆ ಮುಂದೆ ತಿರುವಿದ. "ಬರೆದಿಲ್ಲ. ಆದ್ರೆ ಹಾಜರಿ ಕಡ್ಡಾಯ ಸಾರ್. ಇವತ್ತು ಐದಕ್ಕೇ ಮೊದಲ ಕ್ಲಾಸು, ತಪ್ಪಿಸಿದ್ರೆ ಹೆಸರು ಹೊಡೆದುಹಾಕ್ತೀವಿ." ಠಪ್ಪನೆ ಮೊಹರು ಒತ್ತಿದ.

ಸದ್ಯ, ಶತಮಾನ ಉಳಿಯಿತು! ಖುಷಿಯಿಂದ ಹೆಚ್ಚುಕಡಿಮೆ ಓಡುತ್ತಲೇ ತರಗತಿಗೆ ಹೋದ. ಖಾಲಿ ಬೆಂಚುಗಳು. ಮೇಜಿನ ಹಿಂದೆ ನಿಂತು ಹಾಜರಿ ಪುಸ್ತಕ ಬಿಚ್ಚಿ, ಎಂದಿನಂತೆ ತಲೆಯೆತ್ತದೆ, ಇದ್ದ ಒಂದೇ ಹೆಸರನ್ನು ಕೂಗಿದ.

ಉತ್ತರವಿಲ್ಲ.

ಓಗೊಡೋಣವೆಂದು ಬಾಯಿ ತೆರೆದ. ಆದರೆ ಮೇಜಿನ ಈಚೆಯಿಂದ ಓಗೊಡುವುದುಂಟೇ? ಇನ್ನೊಂದು ಸಲ, ತುಸು ಗದರಿಸಿಯೇ ಕೂಗಿದ. ಕಾದ. ಫ್ಯಾನು ತಿರುಗುತ್ತಿತ್ತು.

ಕೆಂಪು ಶಾಯಿಯಲ್ಲಿ 'ಗೈರು' ಎಂದು ಬರೆದ. ನಿಯಮ ಎಂದರೆ ನಿಯಮ: ಓಗೊಡದವನು ಆಚೆ. ಕೈಕಟ್ಟಿ, ತಲೆ ತಗ್ಗಿಸಿ ಹೊರಗೆ ನಡೆದು ಬಾಗಿಲೆಳೆದುಕೊಂಡ.

ಆಮೇಲೆ ಬಾಗಿಲಿಗೆ ಕಿವಿಗೊಟ್ಟು, ಒಳಗೆ ಪಾಠ ಶುರುವಾಗುವುದನ್ನೇ ಕಾಯುತ್ತ ನಿಂತ.