ಮಗುವಿಗಾಗಿ ಹಸಿದವಳು

ಚೆನ್ನೈನ ವೆಸ್ಟ್ ಮಾಂಬಲಂನ ಭಾವನಾಗೆ ಮದುವೆಯಾಗಿ ಆರು ವರ್ಷವಾದರೂ ಮಕ್ಕಳಿರಲಿಲ್ಲ. ಓಣಿಯಲ್ಲಿ ಕಂಡವರೆಲ್ಲ ಕೇಳುವುದು ಅದನ್ನೇ: "ಏನಮ್ಮಾ, ವಿಶೇಷ ಉಂಟಾ?"

ಅತ್ತೆ ಜಯಲಕ್ಷ್ಮೀ ಕೆಟ್ಟವರಲ್ಲ. ಹೆದರಿದವರು, ಅಷ್ಟೇ. ಏಕಾದಶಿ ಇದ್ದೇ ಇತ್ತು. ಅದರ ಮೇಲೆ ಗುರುವಾರ, ಶನಿವಾರವೂ ಸೊಸೆಗೆ ಉಪವಾಸ ಹಚ್ಚಿದರು. ಚಾತುರ್ಮಾಸ್ಯದಲ್ಲಿ ತರಕಾರಿ ಬಿಟ್ಟಾಗ ಹೆಸರುಬೇಳೆ ನಡೆಯುತ್ತದೆ. ಭಾವನಾ ಅದನ್ನೂ ಬಿಟ್ಟಳು. ಬಿಟ್ಟಷ್ಟೂ ಫಲ ಹೆಚ್ಚೆಂದು ಪಾಪ, ಅವಳ ನಂಬಿಕೆ. ಉಳಿದ ದಿನಗಳಲ್ಲಿ ಸೊಪ್ಪು ಬೇಯಿಸಿದ ನೀರು ಮೋರಿಗೆ, ಕರಿದ ಎಣ್ಣೆ ಮತ್ತೆ ಬಾಣಲೆಗೆ. ಎಲ್ಲರೂ ಉಂಡು ಉಳಿದದ್ದು ಅವಳಿಗೆ.

ಒಂದು ತಿಂಗಳು ಮುಟ್ಟಾಗಲಿಲ್ಲ. ಮರು ತಿಂಗಳೂ ಇಲ್ಲ. ಜಯಲಕ್ಷ್ಮೀ ಪಾಯಸ ಮಾಡಿದರು, ಎಸ್‌ಟಿಡಿ ಬೂತಿಗೆ ಓಡಿ ನೆಂಟರಿಗೆಲ್ಲ ಫೋನ್ ಮಾಡಿದರು. ಆಮೇಲೆ ಸೊಸೆಯನ್ನು ಮಹಡಿ ಮನೆಯ ಡಾಕ್ಟರ್ ಸೀತಾ ಹತ್ತಿರ ಕರೆದೊಯ್ದರು.

ಪರೀಕ್ಷೆ ಮಾಡಿ, ಊಟ-ಉಪವಾಸದ ವಿಷಯ ಕೇಳಿದ ಸೀತಾ ಮೆಲ್ಲಗೆ ಹೇಳಿದರು: "ಮಾಮೀ, ಇದು ಬಸಿರಲ್ಲ. ಮೈಯಲ್ಲಿ ರಕ್ತ ಇಲ್ಲ, ತೂಕ ಇಲ್ಲ. ಅದಕ್ಕೇ ಮುಟ್ಟು ನಿಂತಿದೆ."

"ಅದೆಂಥ ಮಾತು! ನಮ್ಮತ್ತೆ ಇದೇ ವ್ರತ ಮಾಡಿ ಎಂಟು ಹೆತ್ತರು!"

"ಅವರು ವ್ರತಕ್ಕೆ ನಡೆಯೋದನ್ನ ತಿಂತಿದ್ರು ತಾನೇ? ಇವಳು ಅದನ್ನೂ ತಿಂದಿಲ್ಲ. ತನಗೇ ಸಾಲದ ಮೈ ಇನ್ನೊಂದು ಜೀವಕ್ಕೆ ಎಲ್ಲಿಂದ ಕೊಡತ್ತೆ?"

"ಇನ್ಮೇಲೆ ಊಟ ಮಾಡಿದ್ರೆ ಮಗು ಆಗತ್ತಲ್ಲಾ?" ಜಯಲಕ್ಷ್ಮೀ ಕೇಳಿದರು.

"ಖಂಡಿತಾ ಅಂತ ಹೇಳಲಾರೆ. ಬೇರೆ ಕಾರಣವೂ ಇರಬಹುದು. ನಿಮ್ಮ ಮಗ ಸತ್ಯಾತ್ಮನೂ ಟೆಸ್ಟ್ ಮಾಡಿಸ್ಕೋಬೇಕು. ಆದ್ರೆ ಮೊದಲು ಹೊಟ್ಟೆಗೆ ಬೀಳಲಿ. ಬೇಳೆ, ಮೊಸರು, ಕೀರೆ ಸೊಪ್ಪು, ಹಣ್ಣು ದಿನಾ ಬೇಕು. ಸೊಪ್ಪನ್ನ ಸ್ವಲ್ಪ ನೀರಲ್ಲಿ ಮುಚ್ಚಿ ಬೇಯಿಸಿ, ಆ ನೀರು ಸಾರಿಗೆ ಹಾಕಿ. ಕರಿದ ಎಣ್ಣೆ ಮತ್ತೆ ಮತ್ತೆ ಕಾಯಿಸ್ಬೇಡಿ."

ಭಾವನಾ ಕೇಳಿದಳು: "ಮಗುಗೋಸ್ಕರಾನೇ ಹಸ್ಕೊಂಡಿದ್ದೆ ಡಾಕ್ಟ್ರೇ. ಅದೇ ತಪ್ಪಾಯ್ತಾ?"

ಜಯಲಕ್ಷ್ಮೀ ಸೊಸೆಯ ಕೈ ಹಿಡಿದು ಮೆಟ್ಟಿಲಿಳಿಸಿದರು.

ಅಂದು ಜಯಲಕ್ಷ್ಮೀ ಹಳೆಯ ಎಣ್ಣೆ ಚೆಲ್ಲಿದರು, ಕೀರೆ ಮುಚ್ಚಿ ಬೇಯಿಸಿದರು. ಮಗನಿಗಿಂತ ಮೊದಲು ಸೊಸೆಗೆ ಬಡಿಸಿದರು. ಅವಳು ಕಲಸಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟಳು. ಒಲೆಯ ಪಕ್ಕ ಆ ಪಾಯಸ ಇನ್ನೂ ಹಾಗೇ ಇತ್ತು.

"ತಿನ್ನು ಕಂದಾ," ಅತ್ತೆ ಅಳುತ್ತಾ ಅಂದರು, "ಮಗು ಆಗಲಿ ಬಿಡಲಿ, ಮೊದಲು ನೀನು ಇರ್ಬೇಕು."

ಅಮ್ಮಂದಿರೇ, ಅತ್ತೆಯರೇ, ಮಗು ಬೇಕೆಂದು ಯಾವ ಹೆಣ್ಣನ್ನೂ ಹಸಿವಿಗೆ ಹಾಕಬೇಡಿ. ಮುಟ್ಟು ತಪ್ಪಿದರೆ ಮೊದಲು ಡಾಕ್ಟರಿಗೆ ತೋರಿಸಿ. ನಿಮ್ಮ ಸೊಸೆ ಇವತ್ತು ಏನು ತಿಂದಳು, ನಿಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ ಈಗಲೇ ಎದ್ದು ಹೋಗಿ ಕೇಳಿ.