ಸಂಪಿಗೆ ಕಡೆಯ ಲೆಕ್ಕ

ಸರ್ವಮಂಗಳ ಉತ್ತರ ಕೊಟ್ಟಾಗಿತ್ತು. ತಳಮಳ ಶುರುವಾದದ್ದು ಆಮೇಲೆ.

ಅವಳು ತಿಪಟೂರಿನ ಕೊಬ್ಬರಿ ಮಂಡಿಯ ಮಲ್ಲಿಕಾರ್ಜುನಯ್ಯನವರ ಮಗಳು. ಸಂಖ್ಯಾಶಾಸ್ತ್ರ ಓದಿ, ಬೆಂಗಳೂರಿನ ಸಂಸ್ಥೆಯೊಂದರಲ್ಲಿ ಕೆಲಕಾಲ ದುಡಿದು ಬಂದು, ಈಗ ಊರಲ್ಲೇ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಇಷ್ಟು ದುಡ್ಡು ಇಂಥ ಚಿಕಿತ್ಸೆಗೆ ಹಾಕಿದರೆ ಎಷ್ಟು ಜೀವ ಉಳಿದೀತು ಎಂದು ಅಂದಾಜು ಕಟ್ಟುವುದು ಆ ಸಂಸ್ಥೆಯಲ್ಲಿ ಅವಳ ಕೆಲಸವಾಗಿತ್ತು. ಅದು ಗೊತ್ತಿದ್ದೇ ಶಂಭುಲಿಂಗಯ್ಯನವರು ಅವಳನ್ನು ಕರೆಸಿದ್ದು. ಅವರು ಅಪ್ಪನ ಹಿರಿಯ ಗೆಳೆಯರು, ವರ್ತಕರೆಲ್ಲ ಸೇರಿ ಮಾಡಿಕೊಂಡಿದ್ದ ಧರ್ಮನಿಧಿಗೆ ಯಜಮಾನರು. ಸಂಪಿಗೆ ಎಂಬ ಊರಿನ ಕಡೆಯ ತೋಟದ ಹಳ್ಳಿಗಳಲ್ಲಿ ಹಾವು ಕಚ್ಚಿ ಸಾಯುವವರು ಹೆಚ್ಚು. ಕೊಬ್ಬರಿಯಾಗಲೆಂದು ಅಟ್ಟದ ಮೇಲೆ ಕಾಯಿ ಒಟ್ಟಿರುತ್ತಾರೆ, ಇಲಿ ಸೇರುತ್ತದೆ, ಇಲಿಯ ಹಿಂದೆ ಹಾವು. ನಿಧಿಯಲ್ಲಿದ್ದ ಹಣಕ್ಕೆ ಎರಡರಲ್ಲಿ ಒಂದು ಸಾಧ್ಯವಿತ್ತು. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಒಂದು ವ್ಯಾನು ನಿಲ್ಲಿಸಿ ರೋಗಿಗಳನ್ನು ತಿಪಟೂರಿಗೆ ತರಿಸುವುದು. ಇಲ್ಲವೇ ಸಂಪಿಗೆಯಲ್ಲೇ ಫ್ರಿಜ್ಜು ಇಟ್ಟು, ವಿಷ ಇಳಿಸುವ ಇಂಜೆಕ್ಷನ್ನನ್ನೂ ಅದನ್ನು ಕೊಡುವ ಒಬ್ಬ ಡಾಕ್ಟರನ್ನೂ ಗೊತ್ತುಮಾಡುವುದು.

ಅವಳು ಲೆಕ್ಕ ಹಾಕಿ, ವ್ಯಾನು ಎಂದಳು. ಎಲ್ಲರಿಗೂ ಸಂತೋಷವಾಯಿತು. ವ್ಯಾನಾದರೆ ಮೈಮೇಲೆ ನಿಧಿಯ ಹೆಸರು ಬರೆಸಬಹುದು.

ಮಾರನೆಯ ದಿನದಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಲೆಕ್ಕವೆಲ್ಲ ಒಂದು ಊಹೆಯ ಮೇಲೆ ನಿಂತಿತ್ತು: ಕಚ್ಚಿಸಿಕೊಂಡವರು ಮೊದಲು ಮಂತ್ರ ಹಾಕುವವರ ಹತ್ತಿರ ಹೋಗಿ ಹೊತ್ತು ಕಳೆಯುತ್ತಾರೆ, ಅಂಥವರಿಗೆ ಹಳ್ಳಿಯ ಸೂಜಿ ಸಾಲದು, ದೊಡ್ಡಾಸ್ಪತ್ರೆಯೇ ಬೇಕು. ಇದನ್ನು ಅವಳು ಎತ್ತಿಕೊಂಡಿದ್ದು ಬೇರೆ ಸೀಮೆಯ ಒಂದು ವರದಿಯಿಂದ. ಇಲ್ಲಿಯವರೂ ಹಾಗೆಯೇ ಎಂದು ಯಾರು ಹೇಳಿದರು? ಊಹೆಯನ್ನು ಒಂದಿಷ್ಟು ಆಚೆ ಸರಿಸಿ ನೋಡಿದಳು, ಉತ್ತರ ಮಗುಚಿಕೊಂಡು ಫ್ರಿಜ್ಜಾಯಿತು. ಈಚೆ ಸರಿಸಿದಳು, ಮತ್ತೆ ವ್ಯಾನು. ಪಾಠ ಹೇಳುತ್ತಾ ಅರ್ಧಕ್ಕೆ ನಿಲ್ಲಿಸಿ ಕಿಟಕಿಯಾಚೆ ನೋಡುತ್ತಿದ್ದಳು. ಉಣ್ಣುವಾಗ ಅಪ್ಪ ಏನಾದರೂ ಕೇಳಿದರೆ ಇನ್ನೇನೋ ಹೇಳುತ್ತಿದ್ದಳು.

ಕೊನೆಗೆ ರಜೆ ಹಾಕಿ ಬಸ್ಸು ಹತ್ತಿದಳು. ಸಂಪಿಗೆಯ ಸುತ್ತ ಹಾವು ಕಚ್ಚಿಸಿಕೊಂಡಿದ್ದ ಮನೆಗಳನ್ನು ಹುಡುಕಿಕೊಂಡು ಹೋಗಿ ಕೇಳಿದಳು. ಒಂದು ಮನೆಯಲ್ಲಿ ಮಂತ್ರ ಹಾಕಿಸಿಯೇ ಹೊರಟೆವು ಎಂದರು. ಇನ್ನೊಂದು ಮನೆಯಲ್ಲಿ ಇಲಿ ಕಚ್ಚಿತೆಂದು ಸುಮ್ಮನಿದ್ದರಂತೆ. ನಂಜುಂಡಪ್ಪ ಎಂಬ ರೈತನ ಮನೆಯಲ್ಲಿ ಅವನೂ ಹೆಂಡತಿ ತಿಮ್ಮಕ್ಕನೂ ಕೂರಿಸಿ ಎಳನೀರು ಕೊಟ್ಟರು. ಅವನ ತಮ್ಮನಿಗೆ ಹಿಂದೊಮ್ಮೆ ಕಚ್ಚಿತ್ತು. ತಡಮಾಡದೆ ಗಾಡಿ ಕಟ್ಟಿಕೊಂಡು ಹೋಗಿದ್ದಕ್ಕೇ ಬದುಕಿದ ಎಂದ ನಂಜುಂಡಪ್ಪ. ನಗುಮುಖದ ಮನುಷ್ಯ. ಇಷ್ಟೆಲ್ಲ ಕೇಳಿದ ಮೇಲೆ ಗೊಂದಲ ಕಡಿಮೆಯಾದೀತೆಂದು ಅವಳು ಎಣಿಸಿದ್ದಳು. ಅದು ಇನ್ನೂ ಹೆಚ್ಚಾಯಿತು.

ನಿಧಿಯವರು ವ್ಯಾನಿಗೆ ಮುಂಗಡ ಕೊಡಲು ಸೇರಿದ್ದ ದಿನ ಅವಳು ಹೋಗಿ, ನನ್ನ ಉತ್ತರವನ್ನು ವಾಪಸು ತಗೊಳ್ತೀನಿ ಎಂದಳು. ಅಪ್ಪ ತಲೆ ತಗ್ಗಿಸಿದರು. ಶಂಭುಲಿಂಗಯ್ಯನವರು ಸಿಟ್ಟು ಮಾಡಲಿಲ್ಲ, ಆದರೆ ದನಿ ಬಿಗಿಯಾಯಿತು.

"ನೋಡವ್ವ, ನಿನ್ನ ಕರೆಸಿದ್ದೇ ಒಂದು ಮಾತು ಹೇಳ್ಲಿ ಅಂತ. ವ್ಯಾನೋ, ಫ್ರಿಜ್ಜೋ?"

"ಗೊತ್ತಿಲ್ಲ ದೊಡ್ಡಪ್ಪ. ಗೊತ್ತಿದೆ ಅಂದ್ರೆ ಸುಳ್ಳಾಗುತ್ತೆ."

ಈ ಮಳೆಗಾಲ ಮುಗಿಯುವವರೆಗೆ ಕ್ರಾಸಿನಲ್ಲಿ ಒಂದು ಬಾಡಿಗೆ ಕಾರು ನಿಲ್ಲಿಸೋಣ, ಜನ ಹೇಗೆ ಬರುತ್ತಾರೆ ನೋಡೋಣ, ಆಮೇಲೆ ಕೊಳ್ಳೋಣ ಎಂದು ಬೇಡಿಕೊಂಡಳು. ಗೊಣಗುತ್ತಲೇ ಒಪ್ಪಿದರು. ಕ್ರಾಸಿನ ಹೋಟೆಲಿಗೆ ಫೋನು ಬಂದರೆ ಕಾರು ಹೊರಡಬೇಕು ಎಂದು ಗೊತ್ತುಮಾಡಿದರು. ಹಳ್ಳಿಗಳಲ್ಲಿ ಫೋನಿದ್ದದ್ದು ಅಂಚೆಕಚೇರಿಯಲ್ಲಿ ಮಾತ್ರ.

ಮಳೆ ಹಿಡಿದ ಮೇಲೆ ಒಂದು ಭಾನುವಾರ ನಂಜುಂಡಪ್ಪ ಅಟ್ಟ ಹತ್ತಿ ಕಾಯಿ ತೆಗೆಯುವಾಗ ನಾಗರಹಾವು ಕೈಗೆ ಕಚ್ಚಿತು. ಅವನ ತಮ್ಮ ಅಂಚೆಕಚೇರಿಗೆ ಓಡಿದ. ಭಾನುವಾರ, ಬೀಗ. ಪೋಸ್ಟ್ ಮಾಸ್ಟರು ಯಾವುದೋ ನಾಮಕರಣಕ್ಕೆ ಬೇರೆ ಊರಿಗೆ ಹೋಗಿದ್ದರು. ಗಾಡಿ ಕಟ್ಟಿದರು, ದಾರಿಯಲ್ಲಿ ಒಂದು ಲಾರಿ ಸಿಕ್ಕಿತು. ಕಿಬ್ಬನಹಳ್ಳಿಗೆ ಬಂದಾಗ ಕಾರು ಹೋಟೆಲಿನ ಮುಂದೆ ಮಳೆಯಲ್ಲಿ ತೊಳೆದುಕೊಂಡು ನಿಂತಿತ್ತು. ಅದರಲ್ಲಿ ಮಲಗಿಸಿಕೊಂಡು ಹೊರಟರು. ತಿಪಟೂರು ಕಣ್ಣಿಗೆ ಬೀಳುವ ಹೊತ್ತಿಗೆ ಅವನ ಉಸಿರು ನಿಂತಿತ್ತು.

ಸುದ್ದಿ ಕೇಳಿ ಸರ್ವಮಂಗಳ ಮನೆಯೊಳಗೆ ಅತ್ತಿಂದಿತ್ತ ತಿರುಗಿದಳು. ಅಂದೇ ಫ್ರಿಜ್ಜು ಎಂದಿದ್ದರೆ? ಆದರೆ ಅಂದು ಅವಳ ಲೆಕ್ಕ ಹೇಳಿದ್ದು ವ್ಯಾನು. ವ್ಯಾನು ಕೊಂಡಿದ್ದರೂ ಅದು ಆ ಕಾರಿನ ಹಾಗೆಯೇ ನಿಂತಿರುತ್ತಿತ್ತು. ಹಾಗೆಂದು ಸಮಾಧಾನ ಮಾಡಿಕೊಳ್ಳಲು ಹೋದರೆ, ಕಾಯೋಣ ಎಂದವಳು ನಾನೇ ಎನ್ನುವುದು ಅಡ್ಡ ಬರುತ್ತಿತ್ತು. ಹೊತ್ತು ಕಳೆಯುವುದು ಜನರೇ ಎಂದು ಹಿಡಿದು, ಅದನ್ನೇ ಹಿಂದೆಮುಂದೆ ಸರಿಸಿ ನೋಡಿದ್ದಳು. ಸುದ್ದಿ ಕ್ರಾಸಿಗೆ ಮುಟ್ಟದೆ ಹೋಗಬಹುದು ಎಂಬುದು ಅವಳ ಲೆಕ್ಕದಲ್ಲಿ ಎಲ್ಲೂ ಇರಲೇ ಇಲ್ಲ.

ತಿಥಿ ಕಳೆದ ಮೇಲೆ ಹೋದಳು. ತಿಮ್ಮಕ್ಕ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಸರ್ವಮಂಗಳ ಪಕ್ಕದಲ್ಲಿ ಕೂತಳು. ಆಸ್ಪತ್ರೆಯಲ್ಲಿ ಯಾರೋ, ಮಂತ್ರ ಗಿಂತ್ರ ಅಂತ ತಡಮಾಡಿರ್ತೀರ ಎಂದು ಗದರಿದ್ದರಂತೆ. ಗಂಡ ಹೋದ ದುಃಖದ ಮೇಲೆ ಆ ಮಾತು ಅವಳನ್ನು ಸುಡುತ್ತಿತ್ತು.

"ಅವತ್ತು ನಾವು ತಡ ಮಾಡ್ಲಿಲ್ಲ ಕಣವ್ವ," ಎಂದಳು ತಿಮ್ಮಕ್ಕ. "ನೀನು ಲೆಕ್ಕ ಬರೀತೀಯಲ್ಲ, ಅದುನ್ನೂ ಬರ್ಕೊ."

ಬರ್ಕೋತೀನಿ ಎಂದು ಸರ್ವಮಂಗಳ ಅವಳ ಕೈ ಹಿಡಿದುಕೊಂಡಳು. ತಿಮ್ಮಕ್ಕ ಕೈ ಬಿಡಿಸಿಕೊಳ್ಳಲಿಲ್ಲ, ಹತ್ತಿರಕ್ಕೂ ಸರಿಯಲಿಲ್ಲ.

ಮಳೆಗಾಲ ಮುಗಿಯುವುದನ್ನು ಯಾರೂ ಕಾಯಲಿಲ್ಲ. ಶಂಭುಲಿಂಗಯ್ಯನವರೇ ಸಭೆ ಕರೆದರು. ಈ ಸಲ ಸರ್ವಮಂಗಳ, ಫ್ರಿಜ್ಜು ಎಂದಳು. ಜೊತೆಗೆ, ಕರೆಂಟು ಪದೇ ಪದೇ ಹೋದರೆ ಔಷಧಿ ಕೆಟ್ಟು ನನ್ನ ಮಾತು ಮತ್ತೆ ಸುಳ್ಳಾಗಬಹುದು, ಸೀಮೆಎಣ್ಣೆಯಲ್ಲಿ ನಡೆಯುವ ಫ್ರಿಜ್ಜು ತನ್ನಿ, ಆದರೂ ಖಾತ್ರಿಯಿಲ್ಲ ಎಂದಳು. ಶಂಭುಲಿಂಗಯ್ಯನವರು, "ಖಾತ್ರಿ ಯಾರು ಕೇಳಿದ್ರು ಬುಡವ್ವ, ಎಲ್ಲಿ ತಪ್ಪಬಹುದು ಅಂತ ಹೇಳಿದ್ಯಲ್ಲ, ಅಲ್ಲಿ ಕಣ್ಣಿಟ್ಟಿರೋಣ" ಎಂದರು.

ಸಂಪಿಗೆಗೆ ಫ್ರಿಜ್ಜು ಬಂತು. ಕಾರ್ತಿಕದ ಹೊತ್ತಿಗೆ, ತೋಟದಲ್ಲಿ ಗರಿ ಎತ್ತುವಾಗ ಕಚ್ಚಿಸಿಕೊಂಡ ಹೊಂಬಾಳಮ್ಮ ಎಂಬ ಹೆಂಗಸು ಅಲ್ಲಿಗೆ ನಡೆದೇ ಹೋಗಿ, ಸೂಜಿ ಹಾಕಿಸಿಕೊಂಡು ಬದುಕಿದಳು. ಆ ಸುದ್ದಿ ತಂದ ಅಪ್ಪನ ಮುಖ ಅರಳಿತ್ತು. ಸರ್ವಮಂಗಳ ಕೇಳಿಸಿಕೊಂಡಳು, ಒಳ್ಳೇದಾಯ್ತು ಎಂದಳು. ಆಮೇಲೆ, ಸೀಮೆಎಣ್ಣೆ ಇನ್ನೆಷ್ಟು ದಿನಕ್ಕಿದೆಯೋ ನೋಡಿ ಬರ್ತೀನಿ ಎಂದು ಚಪ್ಪಲಿ ಮೆಟ್ಟಿಕೊಂಡು ಬಸ್ ನಿಲ್ದಾಣದ ಕಡೆ ನಡೆದಳು.