ವರದಿ ಬಾರದ ಹನ್ನೆರಡು ಮನೆ

ದನದ ಡಾಕ್ಟರರ ಪಾಠ ಪ್ರತಿ ಬುಧವಾರ ಬೆಳಿಗ್ಗೆ ಹತ್ತಕ್ಕೆ ಹಳ್ಳಿಗಳ ಫೋನುಗಳಿಗೆ ನೇರಪ್ರಸಾರವಾಗುತ್ತಿತ್ತು. ಚಿತ್ರ ಎಷ್ಟು ನೆಟ್ಟಗೆ ಬಂತು, ಎಲ್ಲಿ ಕಡಿಯಿತು ಎಂದು ಪ್ರತಿ ಫೋನೂ ತಾನಾಗಿ ಪ್ರಸಾರ ಕೇಂದ್ರಕ್ಕೊಂದು ಸಣ್ಣ ವರದಿ ಕಳಿಸುತ್ತಿತ್ತು. ಒಂಬತ್ತು ವರ್ಷದಿಂದ ಅವನ್ನು ನೋಡಿಕೊಂಡು ಬಂದವಳು ಅಕ್ಕ. ಅವಳದೊಂದು ಪದ್ಧತಿ: ಬಂದ ವರದಿಗಿಂತ ಮೊದಲು ಬಾರದ ವರದಿಯನ್ನು ಹುಡುಕುವುದು. ಚಿತ್ರವೇ ತಲುಪದ ಫೋನು ದೂರು ಹೇಳುವುದಾದರೂ ಹೇಗೆ? ಸುಮ್ಮನಿದ್ದ ಮನೆಗೆ ಅವಳೇ ಫೋನು ಮಾಡಿ ವಿಚಾರಿಸುತ್ತಿದ್ದಳು. ಗಾಳಿಗೆ ಚಿತ್ರ ತಲುಪಿಸುವ ಆಂಟೆನಾ ತಿರುಗಿದ್ದರೆ ಲೈನ್‌ಮನ್‌ನನ್ನು ಗುಡ್ಡ ಹತ್ತಿಸುತ್ತಿದ್ದಳು.

ನೋಡುವವರು ನಲವತ್ತು ಸಾವಿರ ದಾಟಿದ ಮೇಲೆ ವರದಿಗಳೇ ದಾರಿಗೆ ಅಡ್ಡಬಿದ್ದು ಪಾಠ ತಡವರಿಸತೊಡಗಿತು.

"ಉಣ್ಣೋರಿಗಿಂತ ಉಪ್ಪು ಕಮ್ಮಿ ಅನ್ನೋರ ಗದ್ದಲವೇ ಜಾಸ್ತಿಯಾಯ್ತು," ಎಂದರು ಮೇಲ್ವಿಚಾರಕರು.

ದಾರಿ ಬಿಡಿಸಿದವಳು ತಂಗಿ. ಅದೇ ಕೇಂದ್ರಕ್ಕೆ ಸೇರಿ ಅವಳಿಗಿನ್ನೂ ವರ್ಷ ತುಂಬಿರಲಿಲ್ಲ. ಊರಿಗೊಂದು ಪೆಟ್ಟಿಗೆ ಇಡುವುದು; ಅದು ಆ ಊರಿನ ವರದಿಗಳನ್ನು ಕೂಡಿಸಿ, ಸರಾಸರಿ ತೆಗೆದು, ಕೇಂದ್ರಕ್ಕೆ ಒಂದೇ ಸಾಲು ಕಳಿಸುವುದು. ಗದ್ದಲ ಅಡಗಿತು. ಮೇಲ್ವಿಚಾರಕರು ತಂಗಿಯ ಕುರ್ಚಿಯನ್ನು ತಮ್ಮ ಕೋಣೆಯ ಪಕ್ಕಕ್ಕೆ ಹಾಕಿಸಿದರು.

"ಚಿಕ್ಕವಳದು ತಲೆ ಅಂದ್ರೆ ತಲೆ," ಎಂದರು ಮನೆಯಲ್ಲಿ ಅಮ್ಮ.

"ನನ್ನದೇನು, ಕುಂಬಳಕಾಯಾ?"

"ನಿನ್ನದು ಕೈ ಕಣೇ. ಕೈಯೂ ಬೇಕಲ್ಲ ಮನೆಗೆ."

ತಂಗಿ ನಕ್ಕಳು. ಅಕ್ಕನೂ ನಕ್ಕಳು, ಆದರೆ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಪೆಟ್ಟಿಗೆ ಕೂತ ಮೊದಲ ಬುಧವಾರವೇ ಅಕ್ಕನ ಕಣ್ಣು ಗುಡ್ಡದೂರಿನ ಸಾಲಿನ ಮೇಲೆ ನಿಂತಿತು. ನೂರಕ್ಕೆ ತೊಂಬತ್ತೆಂಟು. ಆ ಊರಿನಲ್ಲಿ ಮೂವತ್ತು ಫೋನು. ಗಾಳಿಯ ದಿನ ಗುಡ್ಡದಾಚೆಯ ಹನ್ನೆರಡಕ್ಕೆ ಏನೂ ಬರುವುದಿಲ್ಲ. ಅಂದು ಬೆಳಗಿನಿಂದ ಗಾಳಿ. ಪೆಟ್ಟಿಗೆ ಬಾಯಿಬಿಟ್ಟ ಹದಿನೆಂಟನ್ನಷ್ಟೇ ಕೂಡಿಸಿ ಭೇಷ್ ಎಂದಿತ್ತು. ಅಕ್ಕ ಎದ್ದು ತಂಗಿಯ ಮೇಜಿನವರೆಗೂ ಹೋದಳು. ಅಲ್ಲಿ ಮೇಲ್ವಿಚಾರಕರು ಹೊರಗಿನಿಂದ ಬಂದ ನಾಲ್ಕು ಜನಕ್ಕೆ ತಂಗಿಯನ್ನು ತೋರಿಸುತ್ತಿದ್ದರು.

ಅಷ್ಟು ಜಾಣೆ, ತಾನೇ ಕಂಡುಕೊಳ್ಳಲಿ ಎಂದುಕೊಂಡು ಹಿಂತಿರುಗಿದಳು. ಎಂದಾದರೊಂದು ದಿನ ಇವರೆಲ್ಲರ ಎದುರೇ ಅವಳು ಮುಗ್ಗರಿಸಲಿ ಎಂಬ ಆಸೆಯೂ ಆ ಮಾತಿನ ಬೆನ್ನಿಗೇ ಇತ್ತು. ಎರಡನೆಯ ಬುಧವಾರವೂ ಗಾಳಿ; ತಂಗಿಗೆ ಹೇಳಲಿಲ್ಲ, ಗುಡ್ಡದಾಚೆಗೆ ಫೋನೂ ಮಾಡಲಿಲ್ಲ. ಮೂರನೆಯದೂ ಹಾಗೆಯೇ ಕಳೆಯಿತು. ಅಂದಿನ ಪಾಠ ಕಾಲುಬಾಯಿ ಜ್ವರದ್ದು.

ಮುಂದಿನ ಸೋಮವಾರ ಗುಡ್ಡದಾಚೆಯ ಹಾಲಿನವಳು ಅಕ್ಕನಿಗೇ ಫೋನು ಮಾಡಿದಳು.

"ಈಗೀಗ ನಮ್ಮನ್ನ ವಿಚಾರಿಸೋದೇ ಬಿಟ್ಯಲ್ಲಮ್ಮ. ದೊಡ್ಡೋರಾಗ್ಬಿಟ್ರಾ?"

"ಹಾಗೇನಿಲ್ಲ. ಏನಾಯ್ತು?"

"ಏಳು ದನದ ಬಾಯಲ್ಲಿ ಹುಣ್ಣು. ಎಲ್ಲಾ ಒಂದೇ ತೊಟ್ಟೀಲಿ ನೀರು ಕುಡಿದ್ವು. ಬೇರೆ ಕಟ್ಬೇಕು ಅಂತ ಪಾಠದಲ್ಲಿ ಹೇಳಿದ್ರಂತೆ, ನಮಗೇನು ಗೊತ್ತು? ನಿನ್ನೆ ಒಂದು ಕರು ಹೋಯ್ತು."

ಅಕ್ಕ ಡಾಕ್ಟರರಿಗೆ ಹೇಳಿ ಅವರನ್ನು ಅತ್ತ ಕಳಿಸಿ, ತಂಗಿಯ ಬಳಿ ಹೋಗಿ ಗುಡ್ಡದಾಚೆಗೆ ಪಾಠವೇ ತಲುಪಿಲ್ಲ ಎಂದಳು.

"ತೊಂಬತ್ತೆಂಟು ಅಂತಿದೆಯಲ್ಲಕ್ಕ," ಎಂದಳು ತಂಗಿ.

"ಅದು ಬಂದವರ ಲೆಕ್ಕ. ಬಾರದವರು ಅದರಲ್ಲಿ ಇಲ್ಲವೇ ಇಲ್ಲ."

ತಂಗಿ ಮರುಗಳಿಗೆಯೇ ಕಾಗದ ಎಳೆದುಕೊಂಡಳು. "ಊರಲ್ಲಿ ಎಷ್ಟು ಫೋನು, ಮಾತಾಡಿದ್ದು ಎಷ್ಟು, ಇವೆರಡನ್ನೂ ಪೆಟ್ಟಿಗೆ ಕಳಿಸಲಿ. ಸಾಲು ಒಂದೇ ಇರುತ್ತೆ, ದಾರಿಯೂ ಕಟ್ಟಲ್ಲ." ಇಷ್ಟು ಬೇಗ ಹೊಳೆಯಿತಲ್ಲ ಇವಳಿಗೆ ಎಂದು ಅಕ್ಕನಿಗೆ ಮತ್ತೆ ಅದೇ ಹೊಟ್ಟೆಕಿಚ್ಚು.

"ಇದನ್ನ ಕಂಡುಹಿಡಿದವಳು ನೀನು ಅಂತಲೇ ಮೇಲ್ವಿಚಾರಕರಿಗೆ ಬರೀತೀನಿ," ಎಂದಳು ತಂಗಿ. "ತಾರೀಕು ಇವತ್ತಿನದೇ ಹಾಕ್ಲಾ?"

ಹೂಂ ಎಂದರೆ ಸಾಕಿತ್ತು.

"ಇವತ್ತಲ್ಲ. ಪೆಟ್ಟಿಗೆ ಕೂತ ಮೊದಲನೇ ಬುಧವಾರದ್ದು."

ತಂಗಿಯ ಪೆನ್ನು ನಿಂತಿತು. ಅವಳು ಕುರ್ಚಿಯನ್ನು ಅಕ್ಕನಿಂದ ಸ್ವಲ್ಪ ಆಚೆ ಎಳೆದುಕೊಂಡು, ಆ ತಾರೀಕನ್ನೇ ಬರೆದಳು.